ಮಾವನ ರೆಕಾರ್ಡು, ನನ್ನ ಕಿವಿ

ಮೆಟಲ್ ಬ್ಯಾಂಡಿನ ಟೀ ಶರ್ಟ್ ಹಾಕ್ಕೊಂಡು ಓಡಾಡೋರು ನಮ್ಮ ಕ್ಯಾಂಪಸ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಬ್ಯಾಂಡಿನ ಮೂರು ಹಾಡು ಹೇಳಿ ಅಂದ್ರೆ ಅರ್ಧ ಜನಕ್ಕೆ ತಕ್ಷಣ ಅಸೈನ್‌ಮೆಂಟ್ ನೆನಪಾಗುತ್ತೆ. ಅವರನ್ನ ಆಡಿಕೊಳ್ಳೋಕೆ ಈ ಲೇಖನ ಬರೀತಾ ಇಲ್ಲ. ನನ್ನ ಸೋದರಮಾವನ ಮನೆಯಲ್ಲಿರೋ 62 ವಿನೈಲ್ ರೆಕಾರ್ಡುಗಳ ಬಗ್ಗೆ, ಅದರಲ್ಲೂ ಎಂಬತ್ತರ ದಶಕದ ಹೆವಿ ಮೆಟಲ್ ರೆಕಾರ್ಡುಗಳ ಬಗ್ಗೆ ಬರೀತಿದ್ದೀನಿ. ಕನ್ನಡದಲ್ಲೇ ಯಾಕೆ ಅಂದ್ರೆ, ಈ ರೆಕಾರ್ಡುಗಳನ್ನ ನಾನು ಸರಿಯಾಗಿ ಕೇಳಿದ್ದೇ ಕನ್ನಡದಲ್ಲಿ. ಇಂಗ್ಲಿಷ್ ಹಾಡನ್ನ ಕನ್ನಡದಲ್ಲಿ ಕೇಳೋದು ಹೇಗೆ ಅಂತ ಮುಂದೆ ಹೇಳ್ತೀನಿ.

ಮಾವ

ಮಾವ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವರು. ಪೀಣ್ಯದ ಒಂದು ಕಾರ್ಖಾನೆಯ ಪ್ರೆಸ್ ಶಾಪ್‌ನಲ್ಲಿ 32 ವರ್ಷ ಕೆಲಸ ಮಾಡಿ ರಿಟೈರ್ ಆದರು. ಶೀಟ್ ಮೆಟಲ್ ತಗಡನ್ನ ಡೈ ಮೇಲೆ ಇಟ್ಟು ಪವರ್ ಪ್ರೆಸ್‌ನಲ್ಲಿ ಒತ್ತೋ ಕೆಲಸ. ವಾರಕ್ಕೆ ಆರು ದಿನ ಆ ಸದ್ದು, ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ರೆಕಾರ್ಡು. ಕೆಲವು ರೆಕಾರ್ಡು ದುಬೈನಲ್ಲಿದ್ದ ಅವರ ಸ್ನೇಹಿತ ತಂದುಕೊಟ್ಟಿದ್ದು, ಉಳಿದವು ಜನ ಎಲ್ಲ ಕ್ಯಾಸೆಟ್, ಆಮೇಲೆ ಸಿಡಿ ಅಂತ ಹೋದಾಗ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಕಮ್ಮಿ ರೇಟಿಗೆ ಸಿಕ್ಕಿದ್ದು. ಇಂಗ್ಲಿಷ್ ಓದೋಕೆ ಬರುತ್ತೆ, ಆದರೆ ಮಾತಾಡೋಕೆ ಯಾವತ್ತೂ ಮನಸ್ಸು ಮಾಡಲಿಲ್ಲ. ಲಿರಿಕ್ಸ್ ಬಗ್ಗೆ ಕೇಳಿದರೆ "ಅದೆಲ್ಲ ಯಾರಿಗೆ ಬೇಕು ಕಣೇ, ಗಿಟಾರ್ ಕೇಳು" ಅಂತಿದ್ದರು.

ಈಗ ಅವರಿಗೆ ಆ ಗಿಟಾರೇ ಪೂರ್ತಿ ಕೇಳಲ್ಲ. ಎರಡು ವರ್ಷದ ಹಿಂದೆ ಆಡಿಯೊಗ್ರಾಮ್ ಮಾಡಿಸಿದಾಗ ಗ್ರಾಫ್ 2 ಕಿಲೋಹರ್ಟ್ಸ್‌ವರೆಗೆ ಪರವಾಗಿಲ್ಲ ಅನ್ನೋ ಹಾಗೆ ಬಂದು, 4 ಕಿಲೋಹರ್ಟ್ಸ್ ಹತ್ತಿರ ಬಾವಿಗೆ ಬಿದ್ದ ಹಾಗೆ ಕೆಳಗೆ ಹೋಗಿತ್ತು. ವರ್ಷಗಟ್ಟಲೆ ದೊಡ್ಡ ಸದ್ದಿನಲ್ಲಿದ್ದವರ ಕಿವಿಯಲ್ಲಿ ಮೊದಲು ಹಾಳಾಗೋದು ಸಾಮಾನ್ಯವಾಗಿ ಆ ಜಾಗವೇ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಹಾಗಾಗಿ ಮಾವನಿಗೆ ಬೇಸ್ ಕೇಳುತ್ತೆ, ಡ್ರಮ್ಮಿನ ಹೊಡೆತ ಕೇಳುತ್ತೆ, ಹಾಡೋರ ದನಿ ಮಂದವಾಗಿ ಕೇಳುತ್ತೆ. ಸಿಂಬಲ್ಸ್ ಇಲ್ಲ. ಗಿಟಾರಿನ ಮೇಲಿನ ಆ ಚೂಪು ಇಲ್ಲ.

ಹಿಯರಿಂಗ್ ಏಡ್ ಇದೆ. ಫೋನ್‌ಗೆ, ಅತ್ತೆ ಕರೆದಾಗ ಓಗೊಡೋದಕ್ಕೆ ಹಾಕ್ಕೋತಾರೆ. ರೆಕಾರ್ಡ್ ಹಾಕಿದಾಗ ತೆಗೆದಿಡ್ತಾರೆ. ಅದು ಹಟ ಅಲ್ಲ, ಅದರಲ್ಲಿ ಎಂಜಿನಿಯರಿಂಗ್ ಕಾರಣ ಇದೆ. ಹಿಯರಿಂಗ್ ಏಡ್‌ಗಳನ್ನ ಮುಖ್ಯವಾಗಿ ಮಾತಿಗಾಗಿ ಡಿಸೈನ್ ಮಾಡಿರ್ತಾರೆ. ಒಂದೇ ಸಮನೆ ಮೊರೆಯೋ ಡಿಸ್ಟಾರ್ಟೆಡ್ ಗಿಟಾರ್ ಕಂಡರೆ ಅದರ ಆಲ್ಗರಿದಮ್‌ಗೆ ಅದು ಫ್ಯಾನಿನ ಸದ್ದಿನ ಥರ, ಅಂದ್ರೆ ತೆಗೆದುಹಾಕಬೇಕಾದ ಕಸ. ಮಾವನ ಭಾಷೆಯಲ್ಲಿ ಹೇಳೋದಾದರೆ, "ಇದು ಅಕ್ಕಿ ಬಿಸಾಕಿ ಕಲ್ಲು ಆರಿಸಿಕೊಡುತ್ತೆ."

ಹೋದ ವರ್ಷ ಬೇಸಿಗೆ ರಜೆಯಲ್ಲಿ ನಾನು ದಾಸರಹಳ್ಳಿಯ ಅವರ ಮನೆಗೆ ಹೋಗಿದ್ದಾಗ ಮಾವ ಒಂದು ರೆಕಾರ್ಡ್ ಹಾಕಿ, "ಈಗ ಸಿಂಬಲ್ ಬಂತಾ?" ಅಂತ ಕೇಳಿದರು. ಬಂತು ಅಂದೆ. "ಹೆಂಗಿದೆ?" ಅಂದರು. ಬಾಯಿಗೆ ಬಂದಿದ್ದೆಲ್ಲ ಇಂಗ್ಲಿಷ್: ಬ್ರೈಟ್, ಕ್ರಿಸ್ಪ್, ಶಿಮ್ಮರಿ. ಮಾವ ಸುಮ್ಮನೆ ನೋಡಿದರು. "ಅಂದ್ರೆ?" ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದ ನನಗೆ ಕನ್ನಡದಲ್ಲಿ ಸದ್ದು ಅನ್ನೋದಕ್ಕೆ ಸದ್ದು ಅನ್ನೋ ಪದ ಬಿಟ್ಟರೆ ಜಾಸ್ತಿ ಏನೂ ಇರಲಿಲ್ಲ. ಅವತ್ತಿಂದ ಭಾನುವಾರದ ಕೆಲಸ ಇದೇ. ಅವರು ರೆಕಾರ್ಡ್ ಹಾಕ್ತಾರೆ, ನಾನು ಕೇಳಿ ಹೇಳ್ತೀನಿ. ಅವರ ನೆನಪಿನಲ್ಲಿರೋ ಸದ್ದಿಗೂ ನನ್ನ ಪದಕ್ಕೂ ಹೊಂದಿದರೆ ತಲೆ ಆಡಿಸ್ತಾರೆ. ಇಲ್ಲಾಂದ್ರೆ ಸೂಜಿ ಎತ್ತಿ ಮತ್ತೆ ಹಿಂದಕ್ಕೆ ಇಡ್ತಾರೆ.

ಕಾರ್ಖಾನೆ ಊರಿನ ಸಂಗೀತ

ನಾವು ಮೊದಲು ಕೂತಿದ್ದು ಜೂಡಾಸ್ ಪ್ರೀಸ್ಟ್ ಬ್ಯಾಂಡಿನ ಬ್ರಿಟಿಷ್ ಸ್ಟೀಲ್ ಮುಂದೆ. 1980ರದ್ದು. ಕವರಿನಲ್ಲಿ ಒಂದು ಕೈ ದೊಡ್ಡ ಬ್ಲೇಡ್ ಹಿಡಿದಿದೆ. ಈ ಬ್ಯಾಂಡು ಬಂದಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಲಿಂದ, ಅಂದ್ರೆ ಅಲ್ಲಿನ ಪೀಣ್ಯ ಅಂತ ಇಟ್ಕೊಳ್ಳಿ. ಫೌಂಡ್ರಿ, ಉಕ್ಕು, ಮೋಟಾರು ಕಾರ್ಖಾನೆಗಳ ಊರು. ಗಿಟಾರಿಸ್ಟ್ ಗ್ಲೆನ್ ಟಿಪ್ಟನ್ ಸಂಗೀತಕ್ಕೆ ಬರೋ ಮುಂಚೆ ನಿಜವಾಗಿಯೂ ಬ್ರಿಟಿಷ್ ಸ್ಟೀಲ್ ಕಂಪನಿಯಲ್ಲೇ ಕೆಲಸ ಮಾಡಿದ್ದವರು.

ರೆಕಾರ್ಡ್ ಮಾಡಿದ್ದು ಮಾತ್ರ ಕಾರ್ಖಾನೆಯಿಂದ ದೂರ, ಟಿಟನ್‌ಹರ್ಸ್ಟ್ ಪಾರ್ಕ್ ಅನ್ನೋ ದೊಡ್ಡ ಬಂಗಲೆಯಲ್ಲಿ. ಮೊದಲು ಜಾನ್ ಲೆನನ್ ಇದ್ದ ಮನೆ, ಆಗ ರಿಂಗೊ ಸ್ಟಾರ್ ಕೈಯಲ್ಲಿತ್ತು. ಈಗಿನ ಥರ ಸ್ಯಾಂಪಲ್ ಲೈಬ್ರರಿ ಇರಲಿಲ್ಲ. ಹಾಗಾಗಿ ಒಂದು ಹಾಡಿಗೆ ಗಾಜು ಒಡೆಯೋ ಸದ್ದು ಬೇಕಾದಾಗ ಹಾಲಿನ ಬಾಟಲಿಗಳನ್ನ ತಂದು ಒಡೆದರು. "ಮೆಟಲ್ ಗಾಡ್ಸ್" ಅನ್ನೋ ಹಾಡಿನಲ್ಲಿ ಲೋಹದ ದೈತ್ಯರು ನಡೆದು ಬರೋ ಸದ್ದಿಗೆ ಅಡುಗೆಮನೆಯ ಚಮಚ, ಫೋರ್ಕು ತುಂಬಿದ ಟ್ರೇ ಎತ್ತಿ ಅಲ್ಲಾಡಿಸಿದರು. ಇದನ್ನ ಹೇಳಿದಾಗ ಅತ್ತೆ ಒಳಗಿಂದ "ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕಿತ್ತು, ನಮ್ಮ ಸಿಂಕ್‌ಗೆ ಬಂದಿದ್ರೆ ಆಗ್ತಿತ್ತು" ಅಂದರು.

ಮಾವನಿಗೆ ಅದೇ ಊರಿನ ಇನ್ನೊಬ್ಬರ ಮೇಲೆ ಜಾಸ್ತಿ ಪ್ರೀತಿ: ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ. 1965ರಲ್ಲಿ, 17ನೇ ವಯಸ್ಸಿನಲ್ಲಿ, ಅವರು ಶೀಟ್ ಮೆಟಲ್ ಕಾರ್ಖಾನೆಯ ಕೆಲಸ ಬಿಡೋ ಕೊನೆಯ ದಿನ ಮೆಷಿನ್‌ಗೆ ಸಿಕ್ಕಿ ಬಲಗೈಯ ನಡುಬೆರಳು ಮತ್ತು ಉಂಗುರದ ಬೆರಳಿನ ತುದಿ ಹೋಯಿತು. ಅವರು ಎಡಗೈ ಗಿಟಾರಿಸ್ಟ್. ಅಂದ್ರೆ ತಂತಿ ಒತ್ತಬೇಕಾದ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ಅದರ ಮೇಲೆ ಚರ್ಮ ಅಂಟಿಸಿದರು, ತೆಳು ತಂತಿ ಹಾಕಿದರು. ಆಮೇಲೆ 1971ರ ಆಲ್ಬಮ್ ಹೊತ್ತಿಗೆ ತಂತಿಯ ಬಿಗಿ ಸಡಿಲಿಸಿ ಶ್ರುತಿಯನ್ನ ಮೂರು ಸೆಮಿಟೋನ್ ಇಳಿಸಿದರು. ನಾವು ಇವತ್ತು "ಹೆವಿ" ಅನ್ನೋ ಆ ಭಾರವಾದ ಸದ್ದಿನ ಹಿಂದೆ ಒಂದು ಇಂಡಸ್ಟ್ರಿಯಲ್ ಆಕ್ಸಿಡೆಂಟ್ ಇದೆ.

ಮಾವನ ಸಂಗ್ರಹದಲ್ಲಿ ಇರೋದು ಸಬ್ಬತ್‌ನ 1980ರ ಹೆವನ್ ಆ್ಯಂಡ್ ಹೆಲ್. ಅದನ್ನ ಹಾಕಿದಾಗಲೆಲ್ಲ ಮಾವ ತಮ್ಮ ಬಲಗೈ ಬೆರಳು ನೋಡ್ಕೋತಾರೆ. ಅವರ ಶಾಪ್‌ನಲ್ಲೂ ಇಬ್ಬರಿಗೆ ಬೆರಳು ಹೋಗಿತ್ತಂತೆ. "ಅವರಿಗೆ ಗಿಟಾರ್ ಬರ್ತಿರಲಿಲ್ಲ" ಅಂದರು ಒಂದು ಸಲ. ಅದಕ್ಕೆ ನಾನು ಏನೂ ಹೇಳಲಿಲ್ಲ.

ಇಲ್ಲಿ ಶುರುವಾಯಿತು ನನ್ನ ಶಬ್ದಕೋಶ. ಜೂಡಾಸ್ ಪ್ರೀಸ್ಟ್ ಗಿಟಾರ್: ಹೊಸ ಗರಗಸ. ಮೋಟರ್‌ಹೆಡ್‌ನ ಏಸ್ ಆಫ್ ಸ್ಪೇಡ್ಸ್‌ನಲ್ಲಿ ಲೆಮ್ಮಿ ಬೇಸ್ ಗಿಟಾರನ್ನ ಮಾರ್ಷಲ್ ಆ್ಯಂಪ್‌ಗೆ ಹಾಕಿ, ರಿದಮ್ ಗಿಟಾರ್ ಥರ ಕಾರ್ಡ್ಸ್ ಬಾರಿಸ್ತಾರೆ. ಅದಕ್ಕೆ ಪದ ಕೊಟ್ಟಿದ್ದು ಮಾವನೇ: ಲೇಥ್‌ನಲ್ಲಿ ಟೂಲ್ ಸಡಿಲ ಆದಾಗ ಬರೋ ಚ್ಯಾಟರ್. 1986ರ ಸ್ಲೇಯರ್ ರೆಕಾರ್ಡ್ ರೇನ್ ಇನ್ ಬ್ಲಡ್, ಹತ್ತು ಹಾಡು ಸುಮಾರು 29 ನಿಮಿಷಕ್ಕೆ ಮುಗಿಯುತ್ತೆ. ನಾನು "ಗ್ರೈಂಡಿಂಗ್ ವ್ಹೀಲ್" ಅಂದೆ. ಮಾವ ತಕ್ಷಣ, "ಒಣ ಗ್ರೈಂಡಿಂಗಾ, ಕೂಲೆಂಟ್ ಬಿಟ್ಟಿದ್ದಾರಾ?" ಒಣ, ಅಂದೆ. ಅದು ಸರಿಯಾದ ಉತ್ತರ. ಪ್ರೊಡ್ಯೂಸರ್ ರಿಕ್ ರೂಬಿನ್ ಆ ರೆಕಾರ್ಡಿನಲ್ಲಿ ರಿವರ್ಬ್ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಆ ವೇಗದಲ್ಲೂ ಒಂದೊಂದು ಹೊಡೆತ ಬಿಡಿಬಿಡಿಯಾಗಿ ಕೇಳೋದಕ್ಕೆ ಅದೇ ಕಾರಣ.

ಅಜ್ಜಿ ಮತ್ತು ಎಡ್ಡಿ

ಅಜ್ಜಿ ತುಮಕೂರು ಕಡೆಯವರು, ಮಾವನ ಜೊತೆಗೇ ಇದ್ದಾರೆ. ಐರನ್ ಮೇಡನ್‌ನ 1982ರ ದ ನಂಬರ್ ಆಫ್ ದ ಬೀಸ್ಟ್ ಕವರ್ ನೋಡಿದವರಿಗೆ ಗೊತ್ತು: ಬ್ಯಾಂಡಿನ ಮ್ಯಾಸ್ಕಾಟ್ ಎಡ್ಡಿ ಸೈತಾನನನ್ನೇ ಸೂತ್ರದ ಬೊಂಬೆ ಮಾಡಿ ಆಡಿಸ್ತಿದ್ದಾನೆ, ಆ ಸೈತಾನನ ಕೈಯಲ್ಲಿ ಪುಟಾಣಿ ಎಡ್ಡಿ ಬೊಂಬೆ. ಬರೆದವರು ಡೆರೆಕ್ ರಿಗ್ಸ್. ಅಜ್ಜಿ ಹೆದರ್ತಾರೇನೋ ಅಂತ ನಾನು ಕವರನ್ನ ಮಗುಚಿಟ್ಟೆ. ಅಜ್ಜಿ ಎತ್ತಿಕೊಂಡು ಕನ್ನಡಕ ಸರಿ ಮಾಡ್ಕೊಂಡು, "ನಮ್ಮೂರ ಸೋಮನ ಥರ ಐತಲ್ಲೇ" ಅಂದರು. ಹಳೇ ಮೈಸೂರು ಕಡೆ ಗ್ರಾಮದೇವತೆ ಜಾತ್ರೆಗಳಲ್ಲಿ ಸೋಮನ ಕುಣಿತ ನೋಡಿದ್ದೀರಾ? ದೊಡ್ಡ ಮರದ ಮುಖವಾಡ, ಅಗಲ ಕಣ್ಣು, ಕೋರೆಹಲ್ಲು. ಭಯ ಹುಟ್ಟಿಸೋ ಹಾಗಿದ್ದರೂ ಅವನು ದೇವಿಯ ಕಡೆಯವನೇ. ಅಜ್ಜಿಗೆ ಎಡ್ಡಿ ಕೆಟ್ಟವನು ಅಂತ ಅನ್ನಿಸಲೇ ಇಲ್ಲ.

ಅದೇ ಅಮೆರಿಕದಲ್ಲಿ ಇಂಥ ಹಾಡುಗಳಿಂದ ಮಕ್ಕಳು ಕೆಡ್ತಾರೆ ಅಂತ ದೊಡ್ಡ ಗಲಾಟೆ ಆಗಿ, 1985ರ ಸೆಪ್ಟೆಂಬರ್ 19ರಂದು ಸೆನೆಟ್ ಸಮಿತಿ ಮುಂದೆ ವಿಚಾರಣೆಯೇ ನಡೀತು. ಟ್ವಿಸ್ಟೆಡ್ ಸಿಸ್ಟರ್ ಬ್ಯಾಂಡಿನ ಡೀ ಸ್ನೈಡರ್ ಅಲ್ಲಿ ಬಂದು, ಹಿಂಸೆಯ ಹಾಡು ಅಂತ ನೀವು ಹೇಳ್ತಿರೋದು ನಿಜಕ್ಕೂ ಆಪರೇಷನ್ ಬಗ್ಗೆ ಇರೋ ಭಯದ ಹಾಡು ಅಂತ ವಿವರಿಸಬೇಕಾಯ್ತು. ಕವರ್ ನೋಡಿ ತೀರ್ಪು ಕೊಡೋ ವಿಷಯದಲ್ಲಿ ಆ ಸಮಿತಿಗಿಂತ ನಮ್ಮ ಅಜ್ಜಿಯೇ ವಾಸಿ.

ಸೈಡ್ ಎರಡರ ಕೊನೆ

ಇನ್ನು ಸ್ವಲ್ಪ ಲೆಕ್ಕ. ಇಷ್ಟ ಇಲ್ಲದವರು ಒಂದು ಪ್ಯಾರಾ ಹಾರಿಸಿ.

ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತೆ, ಅಂದ್ರೆ ಒಂದು ಸುತ್ತಿಗೆ 1.8 ಸೆಕೆಂಡ್. ಹೊರಗಿನ ಗ್ರೂವ್‌ನ ವ್ಯಾಸ ಸುಮಾರು 29 ಸೆಂ.ಮೀ., ಒಳಗಿನ ಕೊನೆಯದು ಸುಮಾರು 12 ಸೆಂ.ಮೀ. ಸೂಜಿಯ ಕೆಳಗೆ ಗ್ರೂವ್ ಓಡೋ ವೇಗ ಹೊರಗೆ ಸೆಕೆಂಡಿಗೆ 51 ಸೆಂ.ಮೀ., ಒಳಗೆ ಬರೀ 21. ಹಾಗಾಗಿ 10 ಕಿಲೋಹರ್ಟ್ಸ್‌ನ ಒಂದು ಅಲೆಗೆ ಹೊರಗೆ 51 ಮೈಕ್ರಾನ್ ಜಾಗ ಸಿಕ್ಕರೆ ಒಳಗೆ 21 ಮೈಕ್ರಾನ್ ಮಾತ್ರ. ಸೂಜಿಗೆ ಅಷ್ಟು ಇಕ್ಕಟ್ಟಿನ ತಿರುವು ಸರಿಯಾಗಿ ತಗೊಳ್ಳೋಕಾಗಲ್ಲ. ಸಿಂಬಲ್ಸ್ ಮಸುಕಾಗುತ್ತೆ, "ಸ" ಅಕ್ಷರಗಳು ಹರಿದ ಹಾಗೆ ಕೇಳುತ್ತೆ.

ಐರನ್ ಮೇಡನ್‌ನ ಪವರ್‌ಸ್ಲೇವ್ (1984) ಸೈಡ್ ಎರಡರ ಕೊನೆಯ ಹಾಡು 13 ನಿಮಿಷಕ್ಕೂ ಜಾಸ್ತಿ ಇದೆ. 1798ರಲ್ಲಿ ಪ್ರಕಟವಾದ ಕೋಲ್‌ರಿಜ್‌ನ ಒಂದು ನಾವಿಕನ ಕವಿತೆಯನ್ನ ಆಧರಿಸಿದ್ದು. ಹಾಡಿನ ಕೊನೆಗೆ ಬರೋ ಅಬ್ಬರವೆಲ್ಲ ಗ್ರೂವ್ ಅತಿ ಇಕ್ಕಟ್ಟಾಗಿರೋ ಜಾಗದಲ್ಲೇ ಬರುತ್ತೆ. "ಮಾವ, ಇಲ್ಲಿ ನನಗೂ ಸಿಂಬಲ್ ಅಷ್ಟಾಗಿ ಕೇಳ್ತಿಲ್ಲ" ಅಂದಾಗ ಅವರ ಮುಖದಲ್ಲಿ ಬಂದ ನಗು ನೋಡಬೇಕಿತ್ತು. ಸೈಡ್‌ನ ಕೊನೆಯಲ್ಲಿ ನಾವಿಬ್ಬರೂ ಸ್ವಲ್ಪ ಹತ್ತಿರ ಬರ್ತೀವಿ.

ಆ ಹಾಡಿನ ನಡುವೆ ಎಲ್ಲ ನಿಂತು ಬರೀ ಬೇಸು, ಗಾಳಿಯಿಲ್ಲದೆ ನಿಂತ ಹಡಗಿನ ಮರ ಕಿರುಗುಟ್ಟೋ ಸದ್ದು ಬರುತ್ತೆ. ಬೇಸು ಮಾವನಿಗೆ ಚೆನ್ನಾಗಿ ಕೇಳುತ್ತೆ. ಕಿರುಗುಟ್ಟೋದು ಕೇಳಲ್ಲ. ಬಾಗಿಲಿನ ಥರ ಅಂದೆ. "ಬಾಗಿಲಾ, ಇಲ್ಲ ಕೀಲೆಣ್ಣೆ ಹಾಕದ ಗಾಡಿನಾ?" ಅಂದರು. ಕೀಲೆಣ್ಣೆ ಅಂದ್ರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಹಾಕೋ ಕಪ್ಪು ಎಣ್ಣೆ ಅಂತ ಅಜ್ಜಿ ಹೇಳಿದರು. ಮತ್ತೆ ಕೇಳಿದೆ. ಹೌದು, ಗಾಡಿಯೇ. ನಿಧಾನ, ಉದ್ದ, ಮಧ್ಯೆ ಮಧ್ಯೆ ತಡೆದು ತಡೆದು. ಲೂಬ್ರಿಕೇಷನ್ ಬಗ್ಗೆ ನಾನು ಒಂದು ಇಡೀ ಯೂನಿಟ್ ಓದಿದ್ದೆ, ಈ ಪದ ಅದರಲ್ಲಿರಲಿಲ್ಲ.

ಬೇಸ್ ಎಲ್ಲಿ?

ಮೆಟಾಲಿಕಾದ ಮಾಸ್ಟರ್ ಆಫ್ ಪಪೆಟ್ಸ್ ಬಂದಿದ್ದು 1986ರ ಮಾರ್ಚ್‌ನಲ್ಲಿ. ಅದರಲ್ಲಿ "ಒರಾಯನ್" ಅನ್ನೋ ಮಾತಿಲ್ಲದ ಹಾಡಿದೆ. ನಡುವೆ ಎಲ್ಲ ತಣ್ಣಗಾಗಿ ಕ್ಲಿಫ್ ಬರ್ಟನ್‌ನ ಬೇಸು ಒಂಟಿಯಾಗಿ ನಡೆದು ಬರುತ್ತೆ. ಇದು ಮಾವ ನನ್ನ ಸಹಾಯ ಇಲ್ಲದೆ ಪೂರ್ತಿ ಕೇಳೋ ಭಾಗ. ಆಗ ನಾನು ಬಾಯಿ ಮುಚ್ಚಿಕೊಂಡಿರಬೇಕು. ಅದೇ ವರ್ಷ ಸೆಪ್ಟೆಂಬರ್ 27ಕ್ಕೆ ಸ್ವೀಡನ್‌ನಲ್ಲಿ ಬ್ಯಾಂಡಿನ ಬಸ್ ಉರುಳಿ ಕ್ಲಿಫ್ ತೀರಿಕೊಂಡರು, 24 ವಯಸ್ಸು. ಅವರ ಅಂತ್ಯಕ್ರಿಯೆಯಲ್ಲಿ ಇದೇ ಹಾಡು ಹಾಕಿದ್ದರು.

ಮುಂದಿನ ಆಲ್ಬಮ್ ಆ್ಯಂಡ್ ಜಸ್ಟಿಸ್ ಫಾರ್ ಆಲ್, 1988, ಎರಡು ರೆಕಾರ್ಡಿನ ಸೆಟ್. ಹೊಸ ಬೇಸಿಸ್ಟ್ ಜೇಸನ್ ನ್ಯೂಸ್ಟೆಡ್. ಮಾವ ಅದನ್ನ ಹಾಕಿ ಏನೂ ಗೊತ್ತಿಲ್ಲದವರ ಹಾಗೆ ಕೇಳಿದರು, "ಬೇಸ್ ಹೆಂಗಿದೆ?" ಕಣ್ಣು ಮುಚ್ಚಿ ಕೇಳಿದೆ. ವಾಲ್ಯೂಮ್ ಹೆಚ್ಚಿಸಿದೆ. ಸ್ಪೀಕರ್ ಹತ್ತಿರ ಕಿವಿ ಇಟ್ಟೆ. "ಬೇಸೇ ಇಲ್ಲ ಮಾವ" ಅಂದೆ. "ಹಾಂ, ಸರಿ. ನಿನ್ನ ಕಿವಿ ಪಾಸು" ಅಂದರು. ಮಿಕ್ಸಿಂಗ್‌ನಲ್ಲಿ ಬೇಸನ್ನ ಕೇಳಿಸದಷ್ಟು ತಗ್ಗಿಸಿದ್ದಕ್ಕೆ ಆ ಆಲ್ಬಮ್ ಕುಖ್ಯಾತ. ಅಭಿಮಾನಿಗಳು ಇವತ್ತಿಗೂ ಜಗಳ ಆಡ್ತಾರೆ. ಮಾವನಿಗೆ ಕೇಳಿಸಬಹುದಾಗಿದ್ದ ಒಂದೇ ವಾದ್ಯವನ್ನ ಆ ರೆಕಾರ್ಡ್ ಮಾಡಿದವರೇ ತೆಗೆದುಹಾಕಿದ್ದಾರೆ.

ಯಾರು ಮಾಡಿದ್ದು?

ಮನೆಯಲ್ಲಿ ಒಂದು ವಾದ ಇದೆ. ಅತ್ತೆ, ನಮ್ಮಮ್ಮ, ಪಕ್ಕದ ಮನೆಯವರು, ಎಲ್ಲರದೂ ಒಂದೇ ಮಾತು: "ಆ ಗಲಾಟೆ ಕೇಳಿ ಕೇಳಿ ಕಿವಿ ಹೋಯ್ತು." ಎಲ್ಲ ಗುಜರಿಗೆ ಹಾಕಿ ಅಂತ ಅಮ್ಮ ಎಷ್ಟೋ ಸಲ ಹೇಳಿದ್ದಾರೆ. ಮಾವ ಎದುರು ಮಾತಾಡಲ್ಲ. ನನಗೆ ಅದು ಅನ್ಯಾಯ ಅನ್ನಿಸಿ ಒಂದು ಲೆಕ್ಕ ಹಾಕಿದೆ.

ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ, ವರ್ಷಕ್ಕೆ 50 ವಾರ, 32 ವರ್ಷ: ಪ್ರೆಸ್ ಶಾಪ್‌ನಲ್ಲಿ 76,800 ಗಂಟೆ. ಭಾನುವಾರ 2 ಗಂಟೆಯ ಲೆಕ್ಕದಲ್ಲಿ ರೆಕಾರ್ಡು: 3,328 ಗಂಟೆ. ಅಂದ್ರೆ ಒಂದು ಗಂಟೆ ಸಂಗೀತಕ್ಕೆ 23 ಗಂಟೆ ಮೆಷಿನ್. ಅವರ ಕುರ್ಚಿಯ ಹತ್ತಿರ ಫೋನಿನ ಆ್ಯಪ್‌ನಲ್ಲಿ ನೋಡಿದರೆ 84 ಡೆಸಿಬಲ್ ಸುತ್ತಮುತ್ತ. ಆ್ಯಪ್ ಲ್ಯಾಬ್ ಮೀಟರ್ ಅಲ್ಲ, ಆದರೆ ಒಂದು ಅಂದಾಜು ಸಿಗುತ್ತೆ. ಪ್ರೆಸ್ ಶಾಪ್‌ನಲ್ಲಿ ಪಕ್ಕದವರ ಕಿವಿಗೆ ಬಾಯಿ ಇಟ್ಟು ಕೂಗಬೇಕಿತ್ತಂತೆ. ನಮ್ಮ ದೇಶದ ಕಾರ್ಖಾನೆ ನಿಯಮಗಳಲ್ಲಿ 8 ಗಂಟೆಗೆ ಮಿತಿ 90 ಡೆಸಿಬಲ್. 95 ಆದರೆ 4 ಗಂಟೆ, 100 ಆದರೆ 2 ಗಂಟೆ. ಮಾವ ಸೇರಿದ ಮೊದಲ ಹದಿನೈದು ವರ್ಷ ಅವರಿಗೆ ಇಯರ್ ಮಫ್ ಕೊಟ್ಟಿರಲಿಲ್ಲ. ಹತ್ತಿ ಇಟ್ಕೋತಿದ್ದರು.

ಸಂಗೀತ ಪೂರ್ತಿ ನಿರಪರಾಧಿ ಅಂತ ನಾನು ಹೇಳಲ್ಲ. 2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಮಾವ ಮುಂದಿನ ಸಾಲುಗಳ ಹತ್ತಿರ ನಿಂತಿದ್ದರು, ಎರಡು ದಿನ ಕಿವಿಯಲ್ಲಿ ಕುಂಯ್ ಅಂತಿತ್ತಂತೆ. ಎಸಿ/ಡಿಸಿ ಗಾಯಕ ಬ್ರಯಾನ್ ಜಾನ್ಸನ್ 2016ರಲ್ಲಿ ಕಿವಿಯ ತೊಂದರೆಯಿಂದ ಟೂರ್ ಅರ್ಧಕ್ಕೇ ಬಿಡಬೇಕಾಯ್ತು. ಅವರು ಮಾತ್ರ ಕಾರ್ ರೇಸಿಂಗ್ ಮೇಲೆ ಬೊಟ್ಟು ಮಾಡ್ತಾರೆ. ಅದೇನೇ ಇರಲಿ, ನಮ್ಮ ಮನೆಯಲ್ಲಿ ಸಂಬಳ ತಂದ ಸದ್ದನ್ನ ಯಾರೂ ಬೈಯಲ್ಲ, ಖುಷಿ ಕೊಟ್ಟ ಸದ್ದಿಗೆ ಮಾತ್ರ ಬೈಗುಳ. ಲೆಕ್ಕದ ಹಾಳೆಯನ್ನ ಅಮ್ಮನಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿ, "76 ಸಾವಿರ ಗಂಟೆನಾ?" ಅಂತ ಮಾತ್ರ ಕೇಳಿದರು. ಗುಜರಿ ಮಾತು ಆಮೇಲೆ ಬಂದಿಲ್ಲ.

ಮೂರು ಟೈಮ್ ಕಾನ್‌ಸ್ಟಂಟ್

ಮೂರನೇ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ನಾನು ಮಾವನ ಟರ್ನ್‌ಟೇಬಲ್‌ಗೆ ಫೋನೊ ಪ್ರೀಆ್ಯಂಪ್ ಮಾಡಿದೆ. ರೆಕಾರ್ಡ್ ಕೊರೆಯುವಾಗ ಬೇಸನ್ನ ತಗ್ಗಿಸಿ ಟ್ರೆಬಲ್ ಹೆಚ್ಚಿಸಿರ್ತಾರೆ. ಇಲ್ಲಾಂದ್ರೆ ಬೇಸಿನ ಗ್ರೂವ್ ಪಕ್ಕದ ಗ್ರೂವ್‌ಗೆ ನುಗ್ಗುತ್ತೆ, ಸಣ್ಣ ಸದ್ದುಗಳು ಸಿಡಿಯೋ ಒಗ್ಗರಣೆಯಂಥ ಚಟಪಟದಲ್ಲಿ ಮುಳುಗುತ್ತೆ. ನುಡಿಸುವಾಗ ಪ್ರೀಆ್ಯಂಪ್ ಅದನ್ನ ಉಲ್ಟಾ ಮಾಡಬೇಕು. ಆರ್‌ಐಎಎ ಕರ್ವ್ ಅಂತಾರೆ: 3180, 318, 75 ಮೈಕ್ರೊಸೆಕೆಂಡ್. ಒಂದು ಡ್ಯುಯಲ್ ಆಪ್ ಆ್ಯಂಪ್, ಕೆಲವು ರೆಸಿಸ್ಟರ್, ಕೆಪ್ಯಾಸಿಟರ್ ಸಾಕು.

ಅದು ಕೆಲಸ ಮಾಡಿದಾಗ ತಲೆಗೆ ಬಂತು, ಇದರ ಮುಂದೆ ಇನ್ನೊಂದು ಫಿಲ್ಟರ್ ಹಾಕಿ ಮಾವನ ಆಡಿಯೊಗ್ರಾಮ್‌ನ ಉಲ್ಟಾ ಕರ್ವ್ ಕೊಟ್ಟರೆ? 4 ಕಿಲೋಹರ್ಟ್ಸ್ ಎಷ್ಟು ಬಿದ್ದಿದೆಯೋ ಅಷ್ಟು ಎತ್ತಿದರೆ? ಆಡಿಯಾಲಜಿಸ್ಟ್ ಹತ್ತಿರ ಕೇಳಿದೆ. ಬೇಡ ಅಂದರು. ಹಾಳಾದ ಕಿವಿಗೆ ಸಣ್ಣ ಸದ್ದು ಕೇಳಲ್ಲ, ಆದರೆ ದೊಡ್ಡದು ಥಟ್ಟನೆ ಅತಿ ದೊಡ್ಡದಾಗಿ ನೋಯಿಸುತ್ತೆ, ಉಳಿದಿರೋ ಕೋಶಗಳಿಗೂ ಪೆಟ್ಟು. ಅಷ್ಟೊಂದು ಎತ್ತಿದರೆ ಉಳಿದಿದ್ದೂ ಹೋಗುತ್ತೆ ಅಂದರು. ಕಳೆದುಹೋದ ಸಿಗ್ನಲ್ಲನ್ನ ಗೇನ್ ಕೊಟ್ಟು ವಾಪಸ್ ತರೋಕಾಗಲ್ಲ.

ಮಾವನಿಗೆ ಹೇಳಿದೆ. ಅವರೇನೂ ಬೇಜಾರು ಮಾಡ್ಕೊಳ್ಳಲಿಲ್ಲ. "ರೆಕಾರ್ಡ್ ಹೆಂಗಿದೆಯೋ ಹಂಗೇ ಇರ್ಲಿ ಕಣೇ. ನೀನು ಹೇಳು, ನಾನು ಕೇಳ್ತೀನಿ." ಆಮೇಲೆ ಒಂದು 200 ಪುಟದ ಲಾಂಗ್‌ಬುಕ್ ತಂದು ಕೊಟ್ಟರು. ಕಿವಿ ಇನ್ನೂ ಇಳಿಯಬಹುದು ಅಂತ ಡಾಕ್ಟರ್ ಹೇಳಿದ್ದಾರೆ, ಹಾಗಾಗಿ ಹೇಳಿದ್ದನ್ನೆಲ್ಲ ಬರೆದಿಡು ಅಂತ. ಆಮೇಲೆ ಓದಿಕೊಳ್ತಾರಂತೆ. ಒಂದು ರೆಕಾರ್ಡಿಗೆ ಮೂರು ಪುಟ. ಇಷ್ಟರವರೆಗೆ 19 ಮುಗಿದಿದೆ.

ಇದನ್ನ ಇಯರ್‌ಬಡ್ಸ್ ಹಾಕ್ಕೊಂಡು ಓದ್ತಿರೋರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಸುರಕ್ಷಿತ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಹಾಸ್ಟೆಲ್ ಕಾರಿಡಾರಿನ ಗಲಾಟೆ ಮುಚ್ಚೋಕೆ ವಾಲ್ಯೂಮ್ ಏರಿಸೋರೆಲ್ಲ ಒಂದು ಸಲ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ.

ಮುಂದಿನ ಭಾನುವಾರ ಡಿಯೊ ಬ್ಯಾಂಡಿನ ಹೋಲಿ ಡೈವರ್, 1983. ಅದಕ್ಕೆ ನನಗೆ ಒಂದು ಪದ ಬೇಕಾಗಿದೆ. ಡ್ರಮ್ ಸೆಟ್‌ನಲ್ಲಿ ಹೈಹ್ಯಾಟ್ ಅಂತ ಎರಡು ತಟ್ಟೆ ಇರುತ್ತಲ್ಲ, ಅದು ತೆರೆದು ಥಟ್ಟನೆ ಮುಚ್ಚುವಾಗ ಬರೋ ಆ "ತ್ಸಪ್" ಸದ್ದಿಗೆ. ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಅಂತ ಬರೆದೆ, ಮಾವ ಒಪ್ಪಲಿಲ್ಲ. ಅದು ತಾನಾಗೇ ಆರುತ್ತೆ, ಇದನ್ನ ಯಾರೋ ಕೈಯಿಟ್ಟು ನಿಲ್ಲಿಸಿದ ಹಾಗಿರಬೇಕು ಅಂದರು. ಧಾರವಾಡ, ಕುಂದಾಪುರ, ಕೋಲಾರ, ಬೀದರ್, ಎಲ್ಲಿಯವರಾದರೂ ಸರಿ, ನಿಮ್ಮನೆಯಲ್ಲಿ ಇದಕ್ಕೊಂದು ಮಾತಿದ್ದರೆ ಶನಿವಾರದ ಒಳಗೆ ಹೇಳಿ.